ಮೇಲಿನಂತೆ

ಒಂಬತ್ತನೇ ಕಾಲಂ: ಮಾತೃಭಾಷೆ.
ಮೊದಲ ಸಾಲಿನ್ಯಾಗ ಸಂಗಮೇಶ ಬಡಿಗೇರ. ಕನ್ನಡ.
ದುಂಡಗ ಬರದೆ, ಮದುವಿ ಪತ್ರಿಕಿ ಮ್ಯಾಲ ಬರದಂಗ.
ಅವನ ಕೆಳಗ ಇಪ್ಪತ್ತೆರಡು ಹೆಸರು,
ಇಪ್ಪತ್ತೆರಡು ಜೋಡಿ ಸಣ್ಣ ಗೀಟು.
ಚಾ ಆರೂದರಾಗ ಮುಗೀತು.

ಇಪ್ಪತ್ತಕ್ಕ ಒಂದು ಕಡಿಮಿ ಆದ್ರೂ ಸಾಲಿ ಇಲ್ಲ.
ವಾಸ್ಕೋದ ಮಂಗೋರ್ ಗುಡ್ಡದ ಮ್ಯಾಲ
ಎರಡು ಖೋಲಿ, ಒಂದು ನಳ,
ಬಂದರದಿಂದ ಹಾರಿ ಬಂದ ಕಲ್ಲಿದ್ದಲ ಪುಡಿ
ಹಲಿಗಿಗೆ ನಮಗಿಂತ ಮೊದಲ ಕರೀ ಬಣ್ಣ ಹಚ್ಚಿರತದ.
ಹ್ವಾದ ನವೆಂಬರದಾಗ ಶಾಲು ಹೊದಿಸಿದ್ರು ನನಗ,
ಪರನಾಡಿನ್ಯಾಗ ಕನ್ನಡ ಉಳಿಸಿದಾಕಿ ಅಂತ.

ಹೌದು, ಉಳಿಸೇನಿ.
ಯಂಕಪ್ಪ ವಡ್ಡರನ ಮನ್ಯಾಗ ತೆಲುಗು,
ಕಲ್ಲು ಒಡಿಯೋರ ತೆಲುಗು,
ಆಂಧ್ರದವರಿಗೂ ಪೂರಾ ತಿಳಿಯಂಗಿಲ್ಲ ಅಂತ ಅವರಪ್ಪನ ಹೆಮ್ಮಿ.
ಅವನ ಮುಂದ ಎರಡು ಗೀಟು.
ದಾವಲಬಿಗೆ ಬೈಗುಳ ದಖನಿ, ಜೋಗುಳ ದಖನಿ,
ಗೀಟು ಮಾತ್ರ ಕನ್ನಡ.

ಮತ್ತ ಈ ರೇಷ್ಮಾ ಲಮಾಣಿ, ನಾಲ್ಕನೇತ್ತೆ.
ದವಾಖಾನ್ಯಾಗ ಅವ್ವನ ಹೊಟ್ಟಿಬ್ಯಾನಿ
ಡಾಕ್ಟರಗ ಕೊಂಕಣ್ಯಾಗ ಹೇಳತಾಳ,
ಡಾಕ್ಟರ ಅಂದದ್ದನ್ನ ಅವ್ವಗ ಗೋರಮಾಟ್ಯಾಗ ತಿರಿಗಿಸಿ ಕೊಡತಾಳ,
ನಡುವ ಒಂದೆರಡು ಮಾತು ತಾನಽ ನುಂಗತಾಳ
ಅವ್ವ ಅಂಜಬಾರದಂತ.
ರವಿವಾರ ಬೊಗ್ಮಾಳೋ ದಂಡಿಗೆ ಕಾಕಿ ಜೋಡಿ ಮಣಿಸರ ಮಾರಾಕ,
ರಷ್ಯಾದವರು ನಿಂತರ ಅದೀನ್, ದ್ವಾ, ತ್ರಿ,
ರೊಕ್ಕಾ ಕಡಿಮಿ ಕೊಟ್ಟರ ಅದಕ್ಕೂ ಒಂದು ಮಾತು ಗೊತ್ತದ.
ಸೋಮವಾರ ನನ್ನ ಮುಂದ ಬೆಂಚಿನ್ಯಾಗ ಬಾಯಿ ಮುಚಗೊಂಡು ಕೂತಿರತಾಳ.
ಪ್ರಥಮ ಭಾಷೆ, ಮೂವತ್ತೈದಕ್ಕ ಹನ್ನೊಂದು.
ಷರಾ: ಭಾಷಾಜ್ಞಾನ ಸಾಲದು.
ಕೆಂಪು ಶಾಯಿ ನಂದಽ.

ಸಂಜೀಕ ಅಕಿ ಹೋಗಿರಲಿಲ್ಲ,
ಅವ್ವ ಸೆಂಟ್ರಿಂಗ್ ಕೆಲಸದಿಂದ ಬರೂತನಕ
ನನ್ನ ಟೇಬಲ್ಲಿಗೆ ಆತು ನಿಂದರತಾಳ.
"ಟೀಚರ್, ಇವು ಏನ್ರಿ, ಎರಡೆರಡು?"
ಮೇಲಿನಂತೆ ಅಂತ ಅರ್ಥ, ಅಂದೆ.
ಮ್ಯಾಲ ಏನೈತ್ಯೋ ಕೆಳಗೂ ಅದಽ.
ಬಗ್ಗಿ, ಬಟ್ಟು ಜಾರಿಸಿ, ತನ್ನ ಹೆಸರು ಹುಡುಕಿ ನಿಲ್ಲಿಸಿದ್ಲು.
"ನಮ್ಮ ದಾದಿ ಗದ್ದದ ಮ್ಯಾಲೂ ಇಂಥಾವಽ ಎರಡು ಅದಾವ್ರಿ, ಹಚ್ಚಿ.
ಸತ್ತ ಮ್ಯಾಲ ಜೋಡಿ ಬರೂದು ಅದೊಂದಽ ಅಂತ."
ಸ್ವಲ್ಪ ತಡದು,
"ದಾದಿದೂ ಮೇಲಿನಂತೆ ಏನ್ರಿ?"

ನಾನು ಉತ್ತರ ಹುಡುಕಾಕ ಹೋಗಿ
ಧಾರವಾಡದ ಟ್ರೇನಿಂಗ್ ಕಾಲೇಜಿನ್ಯಾಗ ಸಿಕ್ಕೆ:
'ಹ್ವಾದೆ' ಅಂದಿದ್ದಕ್ಕ ಎದ್ದು ನಿಂತವಳು,
ಮೈಸೂರ ಸೀಮಿ ಮಾಸ್ತರು "ಹೋದೆ ಅನ್ನಮ್ಮ, ಹೋದೆ" ಅಂತ
ನಲವತ್ತು ಮಂದಿ ಮುಂದ ಮೂರು ಸಲ ಅನ್ನಿಸಿದ್ರು.
ನಕ್ಕವರೊಳಗ ನಮ್ಮ ಊರಾಕೀನೂ ಇದ್ಲು.

ಬುಧವಾರ ಫಾರ್ಮು ಪಣಜಿಗೆ ಹ್ವಾತು.
ಹೆಂಗಿತ್ತೋ ಹಂಗಽ, ಗೀಟಿನ ಸಮೇತ.
ಸಾಲಿ ಬೇಕಲ್ರಿ. ಮಧ್ಯಾಹ್ನದ ಊಟ ಬೇಕು.
ನನ್ನ ಪಗಾರಾನೂ ಬೇಕು, ಸುಳ್ಳು ಯಾಕ ಹೇಳ್ಲಿ.

ಗುರುವಾರ 'ತಾಯಿ' ಪಾಠ.
ಹಲಿಗಿ ಮ್ಯಾಲ ಅಮ್ಮ ಅಂತ ಬರದೆ, ಪುಸ್ತಕದಾಗಿದ್ದದ್ದು.
ಪಕ್ಕಕ್ಕ ಅವ್ವ ಅಂತ, ಪುಸ್ತಕದಾಗ ಇರದಿದ್ದದ್ದು.
ಯಂಕಪ್ಪ ಕೂತಲ್ಲೆ ಅಮ್ಮ ನಮ್ಮಲ್ಲೂ ಐತ್ರಿ ಅಂದ.
ರೇಷ್ಮಾ ಸುಮ್ಮನಿದ್ಲು. ನೀ ಏನಂತೀಯ ಅಂದೆ.
ಬಾಳ ಹೊತ್ತಿಗೆ, ಬೆಂಚಿಗೆ ಹೇಳಿದಂಗ ಹೇಳಿದ್ಲು.
ಯಾಡಿ ಅಂತ ಬರದೆ, ದೊಡ್ಡದಾಗಿ ಓದಿದೆ.
ಹಿಂದಿನ ಬೆಂಚಿನ ನಾಲ್ಕು ಲಮಾಣಿ ಹುಡುಗೂರು ಕಿಸಕ್ಕಂತ ನಕ್ಕವು.
"ಡಿ ಅಷ್ಟು ಗಟ್ಟಿ ಅಲ್ರಿ ಟೀಚರ್,
ನಾಲಿಗಿ ಹಿಂಗ ಮಡಚಿ ಬಿಟ್ಟುಬಿಡಬೇಕು."
ಮಡಚಿದೆ.
ಅಲ್ರಿ.
ಮತ್ತ ಮಡಚಿದೆ.
ಅಲ್ಲಂತ ತಲಿ ಅಲ್ಲಾಡಿಸಿದ್ಲು, ಮೊದಲನೇ ಸಲ
ನನ್ನ ಮಾರಿ ನೆಟ್ಟಗ ನೋಡಿ.

ನನ್ನ ಐವತ್ತೆರಡು ಅಕ್ಷರದಾಗ ಅದಕ್ಕೊಂದು ಇಲ್ಲ.
ಖಡು ಕೈಯಾಗ ಹಿಡಕೊಂಡು ನಿಂತೇನಿ,
ಕೆಳಗ ಬಂದರದಾಗ ಹಡಗು ಕೂಗೇತಿ,
ಗಂಟಿ ಹೊಡಿಯಾಕ ಇನ್ನೂ ಹತ್ತು ಮಿನಿಟು ಐತಿ.